ಅಪ್‌ಡೇಟ್: ಕೇದಾರಕಂಠಕ್ಕೆ ಒಯ್ದ ಪವರ್ ಬ್ಯಾಂಕ್

ಉತ್ತರಾಖಂಡದ ಹಿಮಾಲಯದಲ್ಲಿರುವ ಕೇದಾರಕಂಠ ಶಿಖರದ ಐದು ದಿನದ ಚಾರಣಕ್ಕೆ ಎಂಥ ಪವರ್ ಬ್ಯಾಂಕ್ ಒಯ್ಯಲಿ ಎಂದು ಇಲ್ಲಿ ಕೇಳಿದ್ದೆನಲ್ಲ, ಮೊನ್ನೆ ಬೆಂಗಳೂರಿಗೆ ಮರಳಿದೆ. ನೀವು ಹೇಳಿದಂತೆ ಎಸ್.ಪಿ. ರಸ್ತೆಯಲ್ಲಿ 20,000 ಎಂಎಎಚ್‌ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ನದನ್ನೇ ಕೊಂಡೆ. ಹಿಂಬದಿಯ ಇರುವೆಗಾತ್ರದ ಅಕ್ಷರ ಓದಿದಾಗ ಬೆರಗಾಯಿತು: ಆ ಅಂಕಿ ಒಳಗಿನ 3.7 ವೋಲ್ಟ್ ಸೆಲ್‌ಗಳದ್ದು, ಫೋನ್‌ಗೆ ಹರಿಯುವ 5 ವೋಲ್ಟ್‌ನಲ್ಲಿ ಕೈಗೆ ಸಿಗುವುದು 12,000 ಅಷ್ಟೆ! ಆದರೂ ಫೋನ್ ಎರಡೂವರೆ ಬಾರಿ ತುಂಬಿತು, ಸಾಕಾಯಿತು.

ನಿಜವಾಗಿ ಕಾಪಾಡಿದ್ದು ‘ಚಳಿಗೆ ಬ್ಯಾಟರಿ ಸೊರಗುತ್ತದೆ, ರಾತ್ರಿ ಫೋನ್, ಪವರ್ ಬ್ಯಾಂಕ್ ಎರಡನ್ನೂ ಮಲಗುಚೀಲದೊಳಗೆ ಇಟ್ಟುಕೊಳ್ಳಿ’ ಎಂದವರ ಮಾತು. ಹೊರಗೇ ಮರೆತ ಗೆಳೆಯನ ಫೋನ್ ಶೇ. 40 ತೋರಿಸುತ್ತಲೇ ಆರಿಹೋಯಿತು. ಅಂಗೈಯಲ್ಲಿ ಬೆಚ್ಚಗೆ ಹಿಡಿದ ಮೇಲೆ ಎದ್ದಿತು. ಚಾರ್ಜ್ ಮಾಡಲೆಂದು ಒಯ್ದ ಸೌರಫಲಕ ಮಾತ್ರ ದಂಡ, ಮರಗಳ ನೆರಳಿನಲ್ಲಿ ಸುಮ್ಮನೆ ಬೆನ್ನಿಗೆ ತೂಗಾಡಿತು. ಅಂದಹಾಗೆ, ವಿಮಾನದಲ್ಲಿ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ನನ್ನದರಲ್ಲಿ ಹಿಡಿಯುವ ಒಟ್ಟು ವಿದ್ಯುತ್ 74 ವ್ಯಾಟ್-ಅವರ್ (20 ಆಂಪ್-ಅವರ್ × 3.7 ವೋಲ್ಟ್), ವಿಮಾನದ 100 ವ್ಯಾಟ್-ಅವರ್ ಮಿತಿಯೊಳಗೇ ಇತ್ತು.