ಕೂಸು ಹುಟ್ಟುವ ಮುಂಚೆ ಕುಲಾವಿ: ಸ್ವಾತಂತ್ರ್ಯಕ್ಕಿಂತ ಮೊದಲೇ ರಾಯಭಾರಿ ಬಂದದ್ದು ಹೇಗೆ?

ಗುಮ್ಮಟದ ಹುಡುಗ, ವಿಜಯಪುರ:
ನಮಸ್ಕಾರ. ಪರೀಕ್ಷೆಗೆ ಓದುತ್ತಾ ಒಂದು ಕಡೆ ಸಿಕ್ಕಿಬಿದ್ದಿದ್ದೇನೆ. ಭಾರತಕ್ಕೆ ಅಮೆರಿಕದ ಮೊದಲ ರಾಯಭಾರಿ ಹೆನ್ರಿ ಗ್ರೇಡಿ. ಅವರು ದೆಹಲಿಯಲ್ಲಿ ಅಧಿಕಾರ ಪತ್ರ ಕೊಟ್ಟಿದ್ದು 1947ರ ಜುಲೈ 1 ಅಂತ ನೋಟ್ಸಿನಲ್ಲಿದೆ. ನಮಗೆ ಸ್ವಾತಂತ್ರ್ಯ ಬಂದದ್ದೇ ಆಗಸ್ಟ್ 15ಕ್ಕೆ ಅಲ್ವಾ? ಟೈಪ್ ಮಾಡಿದವರ ತಪ್ಪು ಅಂದುಕೊಂಡು ಜುಲೈ ಹೊಡೆದು ಹಾಕಿ ಪೆನ್ನಿನಲ್ಲಿ ಆಗಸ್ಟ್ ಅಂತ ಬರೆದೆ. ಈಗ ನೋಡಿದರೆ ಇನ್ನೊಂದು ಪುಸ್ತಕದಲ್ಲೂ ಜುಲೈ ಅಂತಲೇ ಇದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಾ? ಇನ್ನೊಂದು ಡೌಟು, ಅಮೆರಿಕದವರು ರಾಯಭಾರಿ, ಬ್ರಿಟನ್ನಿನವರು ಮಾತ್ರ ಹೈಕಮಿಷನರ್ ಯಾಕೆ?

ಕ್ಯಾಂಪಿನ ಟೀಚರ್, ಬೆಳಗಾವಿ:
ಜುಲೈ ಸರಿ. ನಿಮ್ಮ ಪೆನ್ನಿನದೇ ತಪ್ಪು. 1946ರ ಸೆಪ್ಟೆಂಬರ್ 2ಕ್ಕೇ ಮಧ್ಯಂತರ ಸರ್ಕಾರ ಬಂದಿತ್ತು, ವಿದೇಶಾಂಗ ಖಾತೆ ನೆಹರೂ ಕೈಯಲ್ಲಿತ್ತು. ಬ್ರಿಟಿಷರು ಹೋಗುವುದು ಖಚಿತ, ಯಾವತ್ತು ಅನ್ನುವುದಷ್ಟೇ ಬಾಕಿ. ಹಾಗಾಗಿ ಅಮೆರಿಕ ಕಾಯಲಿಲ್ಲ. ನಾವೂ ಕಾಯಲಿಲ್ಲ. ಆ ಸರ್ಕಾರದಲ್ಲಿ ರೈಲ್ವೆ ನೋಡಿಕೊಳ್ಳುತ್ತಿದ್ದ ಆಸಫ್ ಅಲಿ 1947ರ ಫೆಬ್ರವರಿಯಲ್ಲೇ ರಾಯಭಾರಿಯಾಗಿ ವಾಷಿಂಗ್ಟನ್ನಿಗೆ ಹೋದರು. ಅದಕ್ಕೂ ಮುಂಚೆ, 1941ರಿಂದ, ಅಲ್ಲಿ ಗಿರಿಜಾ ಶಂಕರ್ ಬಾಜಪೇಯಿ ಇದ್ದರು, ಆದರೆ ಅವರದು ಏಜೆಂಟ್ ಜನರಲ್ ಅನ್ನುವ ಹುದ್ದೆ.

ಹೈಕಮಿಷನರ್ ವಿಷಯ ಇನ್ನೂ ಮಜಾ. ರಾಯಭಾರಿ ತರುವ ಪತ್ರ ಒಂದು ದೇಶದ ಮುಖ್ಯಸ್ಥರು ಇನ್ನೊಂದು ದೇಶದ ಮುಖ್ಯಸ್ಥರಿಗೆ ಬರೆಯುವಂಥದ್ದು. 1947ರಲ್ಲಿ ಲಂಡನ್ನಿಗೂ ಆರನೇ ಜಾರ್ಜೇ ರಾಜ, ದೆಹಲಿಗೂ ಅವರೇ. ತನಗೆ ತಾನೇ ಪತ್ರ ಬರೆದುಕೊಳ್ಳೋಕಾಗುತ್ತಾ? ಅದಕ್ಕೇ ಕಾಮನ್‌ವೆಲ್ತ್ ದೇಶಗಳ ನಡುವೆ ಆ ಬೇರೆ ಹೆಸರು. 1950ರಲ್ಲಿ ನಾವು ಗಣರಾಜ್ಯ ಆದ ಮೇಲೂ ಹೆಸರು ಹಾಗೇ ಉಳಿಯಿತು. ಪಾಕಿಸ್ತಾನ 1972ರಲ್ಲಿ ಕಾಮನ್‌ವೆಲ್ತ್ ಬಿಟ್ಟಿತು, ನೋಡಿ, ಆಮೇಲೆ 1980ರಲ್ಲಿ ಅಲ್ಲಿಗೆ ಹೋದ ನಟವರ್ ಸಿಂಗ್ ರಾಯಭಾರಿ. 1989ರಲ್ಲಿ ಪಾಕಿಸ್ತಾನ ಕಾಮನ್‌ವೆಲ್ತಿಗೆ ವಾಪಸ್ ಸೇರಿತು, ನಮ್ಮವರು ಮತ್ತೆ ಹೈಕಮಿಷನರ್!

ಸುಮ್ನೆ ಒಬ್ಬ, ಬಾಗಲಕೋಟೆ:
ಪತ್ರ, ಸಲಾಮು, ಮೆರವಣಿಗೆ. ಇದೆಲ್ಲ ಡೌಲು ಬಿಟ್ಟರೆ ಬೇರೇನಿದೆ? ವ್ಯಾಪಾರ ಮಾಡೋರು ಹೇಗಿದ್ರೂ ಮಾಡ್ತಾರೆ.

ಜಮಖಂಡಿ ಕಾಕಾ:
ತಮ್ಮಾ, ಡೌಲೇ ಇರಲಿ, ಹೊಸದಾಗಿ ಎದ್ದ ರಾಜ್ಯಕ್ಕೆ ಅದು ಬೇಕಾಗುತ್ತದೆ. ನಮ್ಮ ಬಿಜಾಪುರದ ಕಥೆಯನ್ನೇ ತಗೋ. ಆದಿಲ್‌ಶಾಹಿಗಳು ಬಹಮನಿಯಿಂದ ಬೇರೆಯಾಗಿ ಇನ್ನೂ ಮೂವತ್ತು ವರ್ಷ ಆಗಿರಬೇಕು. ಅಷ್ಟರಲ್ಲಿ ಇರಾನಿನ ಶಾ ಇಸ್ಮಾಯಿಲ್ ಕಡೆಯಿಂದ ದೂತ ಬಂದ. ಈ ದೂತನನ್ನು ಬೀದರಿನಲ್ಲಿ ಅಮೀರ್ ಬರೀದ್ ತಡೆದು ಕೂರಿಸಿಕೊಂಡಿದ್ದನಂತೆ, ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾ ಬಿಡಿಸಬೇಕಾಯಿತು. ಶಾ ತನ್ನನ್ನು ಸ್ವತಂತ್ರ ಸುಲ್ತಾನ ಅಂತ ಒಪ್ಪಿಕೊಂಡ ಅನ್ನುವ ಖುಷಿಗೆ ಆದಿಲ್‌ಶಾ ಏನು ಮಾಡಿದ ಗೊತ್ತಾ? ಇರಾನಿನವರ ಹಾಗೆ ಹನ್ನೆರಡು ಮೂಲೆಯ ಕೆಂಪು ಟೋಪಿ ಹಾಕಬೇಕು ಅಂತ ಸೈನಿಕರಿಗೆ ಅಪ್ಪಣೆ ಮಾಡಿದ. ವಿಜಯಪುರದ ಹುಡುಗ ಕುಲಾವಿ ಅಂದದ್ದಕ್ಕೆ ನೆನಪಾಯಿತು. ನಮ್ಮ ಬಿಸಿಲಿನಲ್ಲಿ ಆ ಟೋಪಿ ಹಾಕಿ ಪಹರೆ ನಿಂತವರನ್ನು ನೆನೆಸಿದರೆ ಪಾಪ ಅನಿಸುತ್ತದೆ.

ಇನ್ನೊಂದು. ನಮ್ಮ ತಾಲೂಕಿನ ಸಾವಳಗಿಯ ಬಿ.ಡಿ. ಜತ್ತಿಯವರು 1977ರ ಫೆಬ್ರವರಿ 11ರಿಂದ ಜುಲೈ 25ರವರೆಗೆ ಹಂಗಾಮಿ ರಾಷ್ಟ್ರಪತಿ. ಆ ಐದೂವರೆ ತಿಂಗಳಲ್ಲಿ ದೆಹಲಿಗೆ ಯಾವ ದೇಶದ ಹೊಸ ರಾಯಭಾರಿ ಬಂದರೂ ಪತ್ರ ಕೊಡಬೇಕಾದ್ದು ನಮ್ಮ ಜತ್ತಿಯವರ ಕೈಗೇ.

ಸುಮ್ನೆ ಒಬ್ಬ, ಬಾಗಲಕೋಟೆ:
ಟೋಪಿ ಕಥೆ ಗೊತ್ತಿರಲಿಲ್ಲ ಕಾಕಾ, ಸೋತೆ.

ಕ್ಯಾಂಪಿನ ಟೀಚರ್, ಬೆಳಗಾವಿ:
ಕುಲಾವಿ ಹೊಲಿಸುವ ಕೆಲಸ ನಾವೂ ಮಾಡಿದ್ದೇವೆ. ಔಂಧ್ ಸಂಸ್ಥಾನದ ರಾಜಕುಮಾರ ಅಪ್ಪಾ ಪಂತ್ 1948ರಲ್ಲಿ ಭಾರತದ ಕಮಿಷನರ್ ಆಗಿ ನೈರೋಬಿಗೆ ಹೋದರು. ಕೀನ್ಯಾ ಆಗಿನ್ನೂ ಬ್ರಿಟಿಷರದು. ಕೆಲಸವೇನೋ ಅಲ್ಲಿನ ಭಾರತೀಯರನ್ನು ನೋಡಿಕೊಳ್ಳುವುದು, ಆದರೆ ಇವರು ಸ್ವಾತಂತ್ರ್ಯ ಕೇಳುತ್ತಿದ್ದ ಆಫ್ರಿಕನ್ ನಾಯಕರ ಜೊತೆ ಸ್ನೇಹ ಬೆಳೆಸಿದರು. ಬ್ರಿಟಿಷರಿಗೆ ಅದು ಸರಿಬರಲಿಲ್ಲ. 1954ರಲ್ಲಿ ಇವರು ನೈರೋಬಿ ಬಿಟ್ಟರು. ಕೀನ್ಯಾ ಸ್ವತಂತ್ರ ಆಗಿದ್ದು 1963ರ ಡಿಸೆಂಬರ್ 12ಕ್ಕೆ. ಅಂದ ಹಾಗೆ ಔಂಧ್ ಸಾತಾರಾ ಕಡೆಯ ಸಂಸ್ಥಾನ, ಆದರೆ ಅದರ ಒಂದು ತುಣುಕು ನಿಮ್ಮ ಜಿಲ್ಲೆಯ ಗುಣದಾಳದಲ್ಲಿತ್ತು.

ಗುಮ್ಮಟದ ಹುಡುಗ, ವಿಜಯಪುರ:
ಮೇಡಂ, ಗುಣದಾಳಕ್ಕೆ ನಮ್ಮ ಅತ್ತೆಯನ್ನು ಕೊಟ್ಟಿದ್ದಾರೆ! ಎಷ್ಟು ಸಲ ಹೋಗಿದ್ದೇನೆ, ಔಂಧ್ ಅನ್ನುವ ಹೆಸರೇ ಕೇಳಿರಲಿಲ್ಲ. ಮುಂದಿನ ವಾರ ಹೋದಾಗ ಮಾವನ ತಂದೆಯನ್ನು ಕೇಳಿ ಇಲ್ಲೇ ಬರೆಯುತ್ತೇನೆ. ನೋಟ್ಸಿನಲ್ಲಿ ಮತ್ತೆ ಜುಲೈ ಮಾಡಿದೆ. ಈಗ ಆ ಸಾಲು ಓದೋಕೇ ಬರ್ತಿಲ್ಲ.