ಸೆಲೆರಾನ್ 300ಎ ತಗೊಳ್ಲಾ, 333 ತಗೊಳ್ಲಾ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಅಟ್ಟದ ಮೇಲೆ ಧೂಳು ಹಿಡಿದು ಬಿದ್ದಿದ್ದ ಅಪ್ಪನ ಹಳೇ ಪಿಸಿ ಕೆಳಗಿಳಿಸಿದೀನಿ, ಅಬಿಟ್ ಬಿಎಚ್6 ಬೋರ್ಡು, 440ಬಿಎಕ್ಸ್ ಚಿಪ್‌ಸೆಟ್ಟು, ಆದ್ರೆ ಪ್ರೊಸೆಸರ್ ಯಾರೋ ಬಿಚ್ಕೊಂಡು ಹೋಗಿದಾರೆ. ವಿಂಡೋಸ್ 98 ಹಾಕಿ ಆ ಕಾಲದ ಗೇಮ್ ಆಡ್ಬೇಕು, ಹಂಗೇ ಓವರ್‌ಕ್ಲಾಕ್ ಮಾಡಿ, ಅಂದ್ರೆ ಪ್ರೊಸೆಸರನ್ನ ಕಂಪನಿ ಹೇಳಿದ್ದಕ್ಕಿಂತ ಜೋರಾಗಿ ಓಡಿಸಿ ನೋಡೋ ಆಸೆ. ಎಸ್‌ಪಿ ರೋಡಲ್ಲಿ ಒಂದ್ ಅಂಗಡೀಲಿ ಈ ಬೋರ್ಡಿನ ಸ್ಲಾಟ್ 1ಗೆ ಕೂರೋ ಇಂಟೆಲ್ ಸೆಲೆರಾನ್ ಪ್ರೊಸೆಸರ್ ಮೂರು ಇದಾವೆ, 300, 300ಎ, 333 (ನಂಬರ್ ಅಂದ್ರೆ ಮೆಗಾಹರ್ಟ್ಸ್ ಸ್ಪೀಡು). ರೇಟು ಒಂದೇ. 333 ಜಾಸ್ತಿ ಅಲ್ವಾ, ಅದನ್ನೇ ತಗೊಂಡ್ಬಿಡ್ಲಾ?

ಉತ್ತರ 1:
ಬೇಡ ಗುರು, 300ಎ ತಗೊ. ಎ ಇಲ್ಲದ 300 ಕಡೆ ತಿರುಗೂ ನೋಡ್ಬೇಡ, ಅದ್ರಲ್ಲಿ ಎಲ್2 ಕ್ಯಾಶೇ (ಪದೇ ಪದೇ ಬೇಕಾಗೋ ಡೇಟಾ ಇಡೋ ಫಾಸ್ಟ್ ಮೆಮೊರಿ) ಇಲ್ಲ. 1998ರ ಆಗಸ್ಟಲ್ಲಿ ಬಂದ 300ಎಗೆ 128 ಕೆಬಿ ಕ್ಯಾಶು ಡೈ ಮೇಲೇ, ಅಂದ್ರೆ ಪ್ರೊಸೆಸರ್ ಚಿಪ್ಪಲ್ಲೇ ಇದೆ, ಪ್ರೊಸೆಸರ್ ಓಡೋ ಸ್ಪೀಡಲ್ಲೇ ಓಡುತ್ತೆ. ಪೆಂಟಿಯಂ 2ರಲ್ಲಿ 512 ಕೆಬಿ ಇದ್ರೂ ಅರ್ಧ ಸ್ಪೀಡು, ಅದಕ್ಕೇ ಆವಾಗ ಎಲ್ರೂ ಇದರ ಹಿಂದೆ ಬಿದ್ದಿದ್ದು. 333ರಲ್ಲೂ ಕ್ಯಾಶ್ ಅಷ್ಟೇ ಇದೆ, ಸಮಸ್ಯೆ ಮಲ್ಟಿಪ್ಲೈಯರ್‌ದು, ಬಸ್ಸಿನ (ಪ್ರೊಸೆಸರ್ ಬೋರ್ಡ್ ಜೊತೆ ಮಾತಾಡೋ ದಾರಿ) ಸ್ಪೀಡನ್ನ ಅದರಿಂದ ಗುಣಿಸಿದ್ರೆ ಪ್ರೊಸೆಸರ್ ಸ್ಪೀಡು, ಅದನ್ನ ಇಂಟೆಲ್ ಲಾಕ್ ಮಾಡಿಟ್ಟಿದೆ. 300ಎಗೆ 4.5, 333ಕ್ಕೆ 5. ಬಸ್ಸನ್ನ 66ರಿಂದ 100ಕ್ಕೆ ಏರಿಸಿದ್ರೆ ಇದು 450, ಅದು 500, ಆ 500 ಮುಟ್ಟೋ ಪೀಸ್ ಸಿಗೋದು ಅದೃಷ್ಟ. ಮುಟ್ಲಿಲ್ಲ ಅಂದ್ರೆ 83ಕ್ಕೆ ಇಳಿಸ್ತೀಯ, ಆಗ ಪಿಸಿಐ (ಕಾರ್ಡು, ಡಿಸ್ಕ್ ಕಂಟ್ರೋಲರ್‌ಗಳ ಬಸ್ಸು) 33ರಲ್ಲಿರ್ಬೇಕಾದ್ದು 41 ದಾಟುತ್ತೆ, ಹಾರ್ಡ್‌ಡಿಸ್ಕಲ್ಲಿರೋ ಡೇಟಾ ಕೆಟ್ಟು ಹೋಗ್ಬಹುದು. 100ರಲ್ಲಾದ್ರೆ ನಿನ್ನ ಬಿಎಕ್ಸ್ ಚಿಪ್‌ಸೆಟ್ಟು ಬಸ್ ಸ್ಪೀಡನ್ನ ಮೂರರಿಂದ ಭಾಗಿಸುತ್ತೆ, ಪಿಸಿಐ 33ರಲ್ಲೇ ಇರುತ್ತೆ.

ಉತ್ತರ 2:
ಇಷ್ಟೆಲ್ಲಾ ಯಾಕೆ ಸರ್, ಬಯಾಸ್ (ಬೋರ್ಡನ್ನ ಸ್ಟಾರ್ಟ್ ಮಾಡೋ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ಪೆಂಟಿಯಂ 3 450 ಹಾಕಿ, ಅದೇ ಸ್ಲಾಟಿಗೆ ಕೂರುತ್ತೆ. ಆವಾಗಿನ ಹಂಗೆ ಈಗ ದುಬಾರಿನೂ ಅಲ್ಲ.

ಉತ್ತರ 1:
ಹೌದು, ಹೋಳಿಗೆ ಅಂಗಡೀಲೂ ಸಿಗುತ್ತೆ. ಅವ್ರು ಕೇಳಿದ್ದು ಮನೇಲಿ ತಟ್ಟೋದು ಹೆಂಗೆ ಅಂತ.

ಉತ್ತರ 3:
ಪ್ರೊಸೆಸರ್ ಆಮೇಲೆ, ಮೊದ್ಲು ಬೋರ್ಡ್ ಮೇಲಿನ ಕೆಪಾಸಿಟರ್ ನೋಡಿ, ತಲೆ ಉಬ್ಬಿದ್ರೆ ಬದಲಾಯಿಸ್ದೆ ಪವರ್ ಕೊಡ್ಬೇಡಿ. ರ‍್ಯಾಮ್ ಪಿಸಿ100 (100 ಮೆಗಾಹರ್ಟ್ಸ್ ಬಸ್ಸಿಗೆ ಮಾಡಿದ್ದು) ಇರ್ಲೇಬೇಕು, ಪಿಸಿ66 ಹಾಕ್ಕೊಂಡು ಪ್ರೊಸೆಸರ್ ಸರಿ ಇಲ್ಲ ಅಂತ ನಾನೇ ಒಂದ್ ವಾರ ಒದ್ದಾಡಿದೀನಿ 😄 ಹೀಟ್‌ಸಿಂಕ್ ಬಿಚ್ಚಿ ಪೇಸ್ಟ್ ಹೊಸದಾಗಿ ಹಚ್ಚಿ, ಹಳೇದು ಒಣಗಿ ಸುಣ್ಣ ಆಗಿರುತ್ತೆ. ನಿಮ್ ಬೋರ್ಡಲ್ಲಿ ಸಾಫ್ಟ್‌ಮೆನು ಇದೆ, ಬಯಾಸಲ್ಲೇ 100 ಸೆಟ್ ಮಾಡ್ಬಹುದು. ಬೇರೆ ಬೋರ್ಡವರು ಬಿ21 ಪಿನ್‌ಗೆ ಟೇಪ್ ಅಂಟಿಸಿ, ಇದು 100ರ ಬಸ್ಸಿನ ಪ್ರೊಸೆಸರ್ ಅಂತ ಬೋರ್ಡಿಗೇ ಟೋಪಿ ಹಾಕ್ತಿದ್ರು.

ಕೇಳಿದವರು:
300ಎ ತಂದೆ. 450ರಲ್ಲಿ ಬಯಾಸ್ ತೋರಿಸ್ತು, ವಿಂಡೋಸ್ ಲೋಗೋ ಬಂದು ಅಲ್ಲೇ ಹ್ಯಾಂಗ್. ವೋಲ್ಟೇಜು 2.0 ಇತ್ತು, 2.1 ಮಾಡಿದೆ, ಎರಡು ಗಂಟೆ ಗೇಮ್ ಆಡಿದ್ರೂ ಏನೂ ಆಗ್ಲಿಲ್ಲ. ಫ್ಯಾನ್ ಮಾತ್ರ ಮಿಕ್ಸಿ ಥರ ಕಿರುಚ್ತಿದೆ, ಅಮ್ಮ ಎರಡ್ ಸಲ ಅಡುಗೆಮನೆಗೆ ಹೋಗಿ ನೋಡ್ಕೊಂಡ್ ಬಂದ್ರು. ಸ್ಲಾಟ್ 1ಗೆ ಸದ್ದಿಲ್ಲದ ಫ್ಯಾನ್ ಯಾರ ಹತ್ರ ಆದ್ರೂ ಇದೆಯಾ?