ಇಕ್ಕಟ್ಟಾದ ಬಾಗಿಲು ಅಂದರೆ ಉಪವಾಸವಾ?

ಕಡಲಕರೆ: ತಪಸ್ಸುಕಾಲ, ಅಂದರೆ ಈಸ್ಟರ್‌ಗೆ ಮುಂಚಿನ 40 ದಿನಗಳ ಉಪವಾಸದ ಕಾಲ, ಶುರುವಾಗಿದೆ. ಮತ್ತಾಯ 7:13ರಲ್ಲಿ ಯೇಸುಸ್ವಾಮಿ ಇಕ್ಕಟ್ಟಾದ ಬಾಗಿಲಿನಿಂದ ಒಳಗೆ ಹೋಗಿ ಅನ್ನುತ್ತಾರೆ. ಅಗಲವಾದ ದಾರಿ ಹೋಗೋದು ನಾಶಕ್ಕೆ. ಅಂದರೆ ಕಷ್ಟದ ದಾರಿಯನ್ನು ನಾವೇ ಆರಿಸಿಕೊಳ್ಳಬೇಕು. ನಾನು 40 ದಿನವೂ ಮಾಂಸ ಬಿಟ್ಟಿದ್ದೇನೆ. ನೀವು?

ಕೃಪೆಯೇ ಸಾಕು: "ನಾವೇ ಆರಿಸಿಕೊಳ್ಳಬೇಕು" ಅನ್ನುವಲ್ಲೇ ತಪ್ಪಿದ್ದೀರಿ. ಎಫೆಸ 2:8-9 ಓದಿ. ರಕ್ಷಣೆ ಸಿಗೋದು ಕೃಪೆಯಿಂದ, ನಮ್ಮ ಕ್ರಿಯೆಗಳಿಂದಲ್ಲ. ಯೇಸು ತಮ್ಮ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನಿಗೆ ಸ್ವರ್ಗದ ಮಾತು ಕೊಟ್ಟರಲ್ಲ, ಅವನು ಎಷ್ಟು ದಿನ ಉಪವಾಸ ಮಾಡಿದ್ದ? ಅದಿರಲಿ, ಮಾಂಸ ಬಿಟ್ಟು ಮೀನು ತಿನ್ನುತ್ತೀರಿ ಅಲ್ವಾ?

ಕಡಲಕರೆ: ನಮ್ಮ ಕಥೋಲಿಕ ಧರ್ಮಸಭೆಯ ನಿಯಮದಲ್ಲಿ ಮೀನು ಮಾಂಸಕ್ಕೆ ಸೇರೋದಿಲ್ಲ. 14 ವರ್ಷ ತುಂಬಿದವರು ಬೂದಿ ಬುಧವಾರ ಮತ್ತು ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸ ಬಿಡಬೇಕು. 18 ತುಂಬಿದವರು 59 ತುಂಬುವವರೆಗೆ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಒಂದೇ ಹೊತ್ತು ಪೂರ್ತಿ ಊಟ ಮಾಡಬೇಕು. ತಿಳಿಯದೆ ಸುಮ್ನೆ ಮಾತಾಡಬೇಡಿ.

ಕಾಫಿತೋಟ: ನಾನೂ ಕಥೋಲಿಕಳೇ. ನಿಯಮ ಸರಿ. ಆದರೆ ಎಷ್ಟೋ ಮನೆಗಳಲ್ಲಿ ತಪಸ್ಸುಕಾಲದ ಶುಕ್ರವಾರ ಅಂಜಲ್ ಮೀನಿನ ಫ್ರೈ ಇರುತ್ತದೆ. ಕೋಳಿಗಿಂತ ಜಾಸ್ತಿ ದುಡ್ಡು ಅದಕ್ಕೆ. ಇದನ್ನು ತ್ಯಾಗ ಅನ್ನೋಕೆ ನನಗೆ ಮನಸ್ಸು ಬರೋದಿಲ್ಲ.

ಕಡಲಕರೆ: ಜಾಸ್ತಿ ದುಡ್ಡು ಯಾರಿಗೆ? ನಮ್ಮಪ್ಪ ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಿದ್ದವರು. ಮನೆಯಲ್ಲಿ ದಿನಾ ಬೂತಾಯಿ ಮೀನಿನ ಸಾರು. ಕೋಳಿ ಹಬ್ಬಕ್ಕೆ ಮಾತ್ರ.

ಕೃಪೆಯೇ ಸಾಕು: "ಕೋಳಿ ಹಬ್ಬಕ್ಕೆ ಮಾತ್ರ." ಹಾಗಾದರೆ 40 ದಿನ ಬಿಟ್ಟಿದ್ದಾದರೂ ಏನು?

ಕಡಲಕರೆ: ಅದು ನಮ್ಮಪ್ಪನ ಕಾಲದ ಮಾತು! ಬಡವರ ತಟ್ಟೆಯಲ್ಲಿ ಏನಿತ್ತು ಅಂತ ಲೆಕ್ಕ ಕೇಳೋಕೆ ನೀವ್ಯಾರು? ಅವರು ತಪಸ್ಸುಕಾಲದಲ್ಲಿ ಕುಡಿತ ಮುಟ್ಟುತ್ತಿರಲಿಲ್ಲ. ಅದು ನಿಮಗೆ ಕಾಣೋದಿಲ್ಲ.

ಹಳೇ ಬೈಬಲ್: ಮೀನಿನ ಮಾತು ಸಾಕು ಮಾರಾಯ್ರೆ. 1844ರಲ್ಲಿ ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯ ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟೆಂಟ್ ಸಂಸ್ಥೆ ಬಾಸೆಲ್ ಮಿಷನ್‌ನಲ್ಲಿ ದೀಕ್ಷಾಸ್ನಾನ ಪಡೆದರು. ಸಾರಸ್ವತ ಬ್ರಾಹ್ಮಣರ ಮನೆಯ ಹುಡುಗ. ಆ ಕಾಲದಲ್ಲಿ ಹಾಗೆ ಮಾಡಿದರೆ ಜಾತಿಯೂ ಹೋಯಿತು, ಮನೆಯೂ ಹೋಯಿತು. ಇಕ್ಕಟ್ಟು ಅಂದರೆ ಅದು.

ಕೃಪೆಯೇ ಸಾಕು: ಬಾಸೆಲ್ ಮಿಷನ್ ಅವರಿಗೆ ಕಲಿಸಿದ್ದೂ ಇದನ್ನೇ, ನಂಬಿಕೆಯಿಂದ ರಕ್ಷಣೆ ಅಂತ. ನನ್ನ ಕಡೆಗೇ ಸಾಕ್ಷಿ ತಂದಿದ್ದೀರಿ.

ಹಳೇ ಬೈಬಲ್: ನಂಬಿದ್ದಕ್ಕೇ ಅವರು ಎಲ್ಲ ಕಳೆದುಕೊಂಡರು. ನೀವು ಏನು ಕಳೆದುಕೊಂಡಿರಿ?

ಕಾಫಿತೋಟ: 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರು, ಲುಥೆರನ್ನರು (ಮಾರ್ಟಿನ್ ಲೂಥರ್ ದಾರಿಯ ಪ್ರಾಟೆಸ್ಟೆಂಟರು) ಒಂದು ಘೋಷಣೆಗೆ ಒಟ್ಟಿಗೆ ಸಹಿ ಹಾಕಿದ್ದಾರೆ. ದೇವರು ನಮ್ಮನ್ನು ಒಪ್ಪಿಕೊಳ್ಳೋದು ಕೃಪೆಯಿಂದಲೇ, ಆ ಕೃಪೆಯೇ ಒಳ್ಳೆಯ ಕೆಲಸಕ್ಕೆ ಬಲ ಕೊಡುತ್ತದೆ ಅಂತ. ನಾವಿನ್ನೂ ಯಾಕೆ ಹೊಡೆದಾಡುತ್ತಿದ್ದೇವೆ?

ಕೃಪೆಯೇ ಸಾಕು: ನಾನು ಲುಥೆರನ್ ಅಲ್ಲ. ಆ ಸಹಿ ನನ್ನದಲ್ಲ.

ಕಡಲಕರೆ: ಲೂಕ 13:24ರಲ್ಲಿ ಒಳಗೆ ಹೋಗೋಕೆ ಹೆಣಗಾಡಿ ಅಂದವರು ಯೇಸುಸ್ವಾಮಿಯೇ. ಇದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಕೃಪೆಯೇ ಸಾಕು: ಮತ್ತಾಯ 11:30ರಲ್ಲಿ ನನ್ನ ಹೊರೆ ಹಗುರ ಅಂದವರೂ ಅವರೇ. ಮೀನಿನ ಪ್ರಶ್ನೆಗೆ ನೀವೂ ಉತ್ತರ ಕೊಟ್ಟಿಲ್ಲ.